ಶುಂಠಿ ಶೆಡ್ಡಿನಲ್ಲಿದ್ದ ಇಟಲಿ ಕಾರು

ನಮ್ಮ ಮನೆಯವರು ಇಟಲಿಯ ಕಾರು ತಂದ ದಿನ ನಾನು ಹಿತ್ತಿಲ ಬಾಗಿಲಿನಿಂದ ಹೊರಬಿದ್ದು ದನದ ಕೊಟ್ಟಿಗೆಯಲ್ಲಿ ಕೂತಿದ್ದೆ. ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಶುಂಠಿ ಕೆಲಸಕ್ಕೆ ಬಂದಿದ್ದ ಹೆಂಗಸರು ಕುಕ್ಕೆ ಕೆಳಗಿಟ್ಟು ಓಡಿ ಬಂದಿದ್ದರು. "ಟೀಚರ್ ಎಲ್ಲಿ, ಟೀಚರ್ ಎಲ್ಲಿ" ಅಂತ ಕೂಗುವುದು ಕೊಟ್ಟಿಗೆಯ ತನಕ ಕೇಳುತ್ತಿತ್ತು. ಆರತಿ ತಟ್ಟೆ ಹಿಡಿದು ಬರಬೇಕಾದವಳು ನಾನು. ಸಗಣಿ ಬಾಚುವ ನೆಪ ಮಾಡಿಕೊಂಡು ಅಲ್ಲೇ ಉಳಿದೆ. ಕೊನೆಗೆ ಪಕ್ಕದ ಮನೆಯ ಅಕ್ಕ ಆರತಿ ಎತ್ತಿದರಂತೆ.

ನಮ್ಮದು ಕುಶಾಲನಗರದಿಂದ ಸ್ವಲ್ಪ ಒಳಗಿರುವ ಹಳ್ಳಿ. ಇವರು ಶುಂಠಿ ಬೆಳೆಯುವವರು, ನಾನು ಊರಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಟೀಚರು. ಶುಂಠಿಯ ಗುಣ ನಮ್ಮ ಕಡೆಯವರಿಗೆಲ್ಲ ಗೊತ್ತು. ಒಂದು ವರ್ಷ ಎತ್ತಿ ಅಟ್ಟಕ್ಕೆ ಏರಿಸುತ್ತದೆ, ಮರುವರ್ಷ ಕೊಳೆರೋಗ ಬಂದು ನೆಲಕ್ಕೆ ಕೆಡವುತ್ತದೆ. ಅಟ್ಟಕ್ಕೆ ಏರಿಸಿದ ಆ ವರ್ಷ ಒಬ್ಬರು ಮೈಸೂರಿನಲ್ಲಿ ಸೈಟು ತೆಗೆದುಕೊಂಡರು, ಇನ್ನೊಬ್ಬರು ಊರೆಲ್ಲ ಮಾತಾಡಿಕೊಳ್ಳುವ ಹಾಗೆ ಮಗಳ ಮದುವೆ ಮಾಡಿದರು. ನಮ್ಮನೆಯವರು, ಬೆಂಗಳೂರಿನ ಯಾರೋ ಬಿಲ್ಡರು ಕೆಲವು ದಿನ ಇಟ್ಟುಕೊಂಡು ಬೇಸರವಾಗಿ ಮಾರಿದ ಕೆಂಪು ಕಾರು ತಂದರು. ಎರಡೇ ಬಾಗಿಲು. ಮೂತಿ ನಮ್ಮ ಜಗಲಿಯ ಬೆಂಚಿಗಿಂತ ಉದ್ದ. ಹಿಂದೆ ಎರಡು ಸೀಟು ಹೆಸರಿಗೆ ಮಾತ್ರ, ಅದರಲ್ಲಿ ಚೀಲ ಕೂರಬಹುದೇ ಹೊರತು ಮನುಷ್ಯರಲ್ಲ. ದೂರದೂರಿಗೆ ಆರಾಮಾಗಿ, ಜೋರಾಗಿ ಹೋಗಲೆಂದೇ ಮಾಡಿದ ಕಾರಂತೆ ಅದು. ನಮ್ಮೂರ ರಸ್ತೆಯಲ್ಲಿ ಜೋರಾಗಿ ಹೋಗುವುದು ಅಂದರೆ ನಮ್ಮ ಗೇಟಿನಿಂದ ಪಂಪ್‌ಹೌಸಿನ ತನಕ.

"ಏನ್ರೀ ಇದು?" ಅಂತ ಊಟಕ್ಕೆ ಬಡಿಸುವಾಗ ಕೇಳಿದೆ.

"ನಿಂಗೆ ಹೇಳಿರ್ಲಿಲ್ವಾ?" ಅಂದರು.

ಹೇಳಿದ್ದರು, ಸುಳ್ಳಲ್ಲ. ಭಾನುವಾರ ಬೆಳಗ್ಗೆ ಬೆಂಗಳೂರಿನ ಶೋಕಿಯವರು ಇಂಥ ಕಾರುಗಳನ್ನು ಸಾಲಾಗಿ ಓಡಿಸಿಕೊಂಡು ಮಡಿಕೇರಿಗೆ ಹೋಗುವಾಗ ಕುಶಾಲನಗರದಲ್ಲಿ ನಿಲ್ಲಿಸಿ ಇಡ್ಲಿ ತಿನ್ನುವುದುಂಟು. ಒಂದು ಸಲ ಇವರು ಶುಂಠಿ ಲೋಡು ಇಳಿಸಿ, ಮಣ್ಣುಗಾಲಲ್ಲೇ ಆ ಹೋಟೆಲಿನ ಮುಂದೆ ನಿಂತು, "ಮುಟ್ಟಬಹುದಾ ಸಾರ್?" ಅಂತ ಕೇಳಿದ್ದರಂತೆ. ಕಾರಿನಾತ ಒಳ್ಳೆಯವನು, "ಕೂತ್ಕೊಂಡೇ ನೋಡಿ ಯಜಮಾನ್ರೇ" ಅಂದನಂತೆ. ಬಟ್ಟೆ ಗಲೀಜಾಗಿದೆ ಅಂತ ಇವರು ಕೂರಲಿಲ್ಲ. ಅವತ್ತು ತಲೆಗೆ ಹೊಕ್ಕ ಹುಳ ಹೊರಗೆ ಬರಲೇ ಇಲ್ಲ. ನಾನು ಅದನ್ನು ಗಂಡಸರ ಬಾಯಿಮಾತು ಅಂತ ಬಿಟ್ಟುಬಿಟ್ಟಿದ್ದೆ.

"ನಿನ್ನ ಪಕ್ಕ ಕೂರಿಸ್ಕಂಡು ಮಾಕುಟ್ಟದ ಘಾಟಿ ಇಳ್ದು, ಕಣ್ಣೂರಿಗೆ ಹೋಗಿ, ಸಮುದ್ರ ತೋರಿಸ್ಬೇಕು. ಅಷ್ಟೇ ಕಣೇ ನಂಗೆ ಇರೋದು. ಆಮೇಲೆ ಬೇಕಾದ್ರೆ ಮಾರ್ಬಿಡ್ತೀನಿ," ಅಂದರು.

ಮದುವೆಯಾದ ಹೊಸತರಲ್ಲಿ ನಾನು ಸಮುದ್ರವನ್ನೇ ನೋಡಿಲ್ಲ ಅಂದಿದ್ದೆನಂತೆ. ನನಗೆ ಮರೆತೇ ಹೋಗಿತ್ತು. ನಮ್ಮ ಶಾಲೆಯ ಪ್ರವಾಸ ಅಂದರೆ ಬೇಲೂರು, ಹಳೇಬೀಡು, ಮೈಸೂರು. ಸಮುದ್ರ ಪಾಠದಲ್ಲಿ ಬರುತ್ತದೆ, ಹೋಗುತ್ತದೆ. ಇವರು ಆ ಮಾತನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದರು. ಆಗಲೇ ನನ್ನ ಮನಸ್ಸು ಕರಗಬೇಕಿತ್ತು. "ಅದಕ್ಕೆ ಬಸ್ಸಿಲ್ವಾ?" ಅಂದೆ.

ನನ್ನ ನಾಚಿಕೆಯ ಬೇರು ಎಲ್ಲಿದೆ ಅಂತ ಹೇಳದಿದ್ದರೆ ನಾನು ಬರೀ ಜಗಳಗಂಟಿಯ ಹಾಗೆ ಕಾಣುತ್ತೇನೆ. ನಮ್ಮಪ್ಪ ಮಡಿಕೇರಿಯಲ್ಲಿ ಮೇಷ್ಟರಾಗಿದ್ದವರು, ಕೊನೆಯ ತನಕ ನಡೆದೇ ಶಾಲೆಗೆ ಹೋದವರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ನಮ್ಮನೆಯಲ್ಲಿ ಗಾದೆಯಲ್ಲ, ಕಾನೂನು. ಹೊಸ ಸೀರೆಯನ್ನು ಹೊಸತು ಅಂತ ಯಾರಿಗೂ ಗೊತ್ತಾಗಬಾರದೆಂದು ಒಂದು ಸಲ ಒಗೆದು ಉಡುತ್ತಿದ್ದ ಹೆಂಗಸರ ನಡುವೆ ಬೆಳೆದವಳು ನಾನು. ನಾಲ್ಕು ಜನ ತಿರುಗಿ ನೋಡಿದರೆ ಏನೋ ತಪ್ಪು ಮಾಡಿದ್ದೇವೆ ಅಂತಲೇ ಅರ್ಥ. ಈ ಕಾರನ್ನೋ, ಗದ್ದೆಯಲ್ಲಿ ಮೇಯುವ ದನವೂ ತಲೆ ಎತ್ತಿ ನೋಡುತ್ತಿತ್ತು. ಅದರ ಸದ್ದು ಹಾಗೆ.

ಸಾಲದ್ದಕ್ಕೆ ರಸ್ತೆಯ ಹಂಪುಗಳು. ಕಾರಿನ ಹೊಟ್ಟೆ ನೆಲಕ್ಕೆ ತಾಗಿಕೊಂಡ ಹಾಗೇ ಇತ್ತು. ನಮ್ಮ ಮನೆಯಿಂದ ಹೈವೇ ಸೇರುವುದರೊಳಗೆ ಬರುವ ಒಂದೊಂದು ಹಂಪೂ ಅದಕ್ಕೆ ಬೆಟ್ಟವೇ. ಇವರು ಅದಕ್ಕೂ ಉಪಾಯ ಹುಡುಕಿದರು. ಶುಂಠಿ ಮೂಟೆ ಪಿಕಪ್ಪಿಗೆ ಹತ್ತಿಸುವ ಹಲಗೆಗಳಿದ್ದವಲ್ಲ, ಅವನ್ನು ಹಿಡಿದುಕೊಂಡು ಇಬ್ಬರು ಆಳುಗಳು ಸ್ಕೂಟರಿನಲ್ಲಿ ಮುಂದೆ ಹೋಗುವುದು, ಹಂಪಿನ ಆಚೆಗೂ ಈಚೆಗೂ ಹಲಗೆ ಹಾಸುವುದು, ಕಾರು ಮೆಲ್ಲಗೆ ಹತ್ತಿ ಇಳಿಯುವುದು, ಹಲಗೆ ಎತ್ತಿಕೊಂಡು ಮತ್ತೆ ಮುಂದಿನ ಹಂಪಿಗೆ ಓಡುವುದು. ಹೈವೇ ಸಿಕ್ಕಿದ ಮೇಲೆ ಆಳುಗಳು ಟೀ ಅಂಗಡಿಯಲ್ಲಿ ಕೂತು ಕಾಯಬೇಕು, ವಾಪಸು ಬರುವಾಗ ಮತ್ತೆ ಇದೇ ಕಥೆ. ಇಂಥ ಏರ್ಪಾಡು ಇಡೀ ಪ್ರಪಂಚದಲ್ಲಿ ನಮ್ಮೂರಲ್ಲಿ ಮಾತ್ರ ಇದ್ದಿರಬೇಕು. ಒಂದು ಹಂಪು ನಮ್ಮ ಶಾಲೆಯ ಗೇಟಿನ ಎದುರಿಗೇ. ನಾನು ಒಳಗೆ ಸರಳವಾಗಿ ಬದುಕಬೇಕು ಅಂತ ಪಾಠ ಮಾಡುತ್ತಿದ್ದರೆ ಮಕ್ಕಳು ಕಿಟಕಿಗೆ ಮುಗಿಬಿದ್ದು, "ಟೀಚರ್, ಟೀಚರ್, ನಿಮ್ಮ ಕಾರಿಗೆ ಹಲಗೆ ಹಾಸ್ತಾವ್ರೆ!" ಅನ್ನುತ್ತಿದ್ದವು. ಸ್ಟಾಫ್‌ರೂಮಿನಲ್ಲಿ ಅದಕ್ಕೆ 'ಶುಂಠಿ ಕಾರು' ಅಂತ ಹೆಸರಿಟ್ಟರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ಅದೇ ಮಳೆಗಾಲದಲ್ಲಿ ಮಡಿಕೇರಿ ಕಡೆ ಗುಡ್ಡಗಳು ಜಾರಿದವು. ನಮ್ಮ ಶಾಲೆಯನ್ನು ಪರಿಹಾರ ಕೇಂದ್ರ ಮಾಡಿದರು. ಮನೆ ಕಳೆದುಕೊಂಡವರು ನಾನು ಪಾಠ ಮಾಡುವ ಕೋಣೆಯಲ್ಲೇ ಬೆಂಚು ಸರಿಸಿ ಚಾಪೆ ಹಾಸಿಕೊಂಡಿದ್ದರು. ಅಕ್ಕಿ, ಕಂಬಳಿ ಸಾಗಿಸಲು ಇವರು ನಮ್ಮ ಪಿಕಪ್ಪನ್ನು ಕೇಂದ್ರಕ್ಕೇ ಬಿಟ್ಟುಕೊಟ್ಟಿದ್ದರು. ಒಂದು ಸಂಜೆ ನಾನು ಊಟ ಬಡಿಸಿ ಮುಗಿಸಿ ಹೊರಗೆ ಬರುತ್ತೇನೆ, ಗೇಟಿನಲ್ಲಿ ಆ ಕಾರು ನಿಂತಿದೆ. ಪಿಕಪ್ಪಿಲ್ಲದ ಮೇಲೆ ಇನ್ನೇನು ತರುತ್ತಾರೆ, ಪಾಪ. ಹಲಗೆಯವರಿಲ್ಲದೆ ಹಂಪನ್ನು ಓರೆಯಾಗಿ ಹತ್ತಿಸಿಕೊಂಡು ಬಂದಿದ್ದರು. ಮಳೆ ಸುರಿಯುತ್ತಿತ್ತು. ಒಳಗಿಂದಲೇ ಬಗ್ಗಿ ಬಾಗಿಲು ತೆರೆದು, "ಬಾ, ನೆನೀಬ್ಯಾಡ" ಅಂದರು.

ಜಗಲಿಯಲ್ಲಿ ತಟ್ಟೆ ತೊಳೆಯುತ್ತಿದ್ದ ಹೆಂಗಸರೆಲ್ಲ ನೋಡುತ್ತಿದ್ದರು. ಮನೆಯೇ ಇಲ್ಲದವರ ಕಣ್ಣೆದುರು ಆ ಕೆಂಪು ಬಾಗಿಲು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು, ಆ ಜನರ ಎದುರು ಮನಸ್ಸಿನಲ್ಲೂ ಅನ್ನಬಾರದ ಮಾತು ಅದು ಅಂತ ತಕ್ಷಣ ಹೊಳೆದು ಇನ್ನಷ್ಟು ಕುಗ್ಗಿಹೋದೆ.

"ನೀವು ಹೋಗಿ. ನಾನು ನಡ್ಕೊಂಡು ಬರ್ತೀನಿ," ಅಂದೆ.

"ಈ ಮಳೇಲಾ? ಹುಚ್ಚಾ ನಿಂಗೆ?"

ಕೊಡೆ ಬಿಚ್ಚಿ ನಡೆದೇಬಿಟ್ಟೆ. ಇವರು ನನ್ನನ್ನು ಬಿಟ್ಟು ಹೋಗಲಿಲ್ಲ. ನಡೆಯುವ ಹೆಂಡತಿಯ ಹಿಂದೆ, ಅವಳ ನಡಿಗೆಯ ಲೆಕ್ಕಕ್ಕೇ, ಲೈಟು ಹಾಕಿಕೊಂಡು ಗುರುಗುರು ಅಂತ ಬಂದರು. ನಾನು ಬೀಸುಗಾಲು ಹಾಕಿದರೆ ಕಾರೂ ಬೇಗ, ನಿಂತರೆ ಅದೂ ನಿಲ್ಲುವುದು. ಬೇಕರಿಯ ಮಲಯಾಳಿ ಕಾಕ ಬಾಗಿಲಿಗೆ ಬಂದು, "ಅಯ್ಯೋ ಟೀಚರೇ, ವಂಡಿ ಹಿಂದೆ, ಓನರ್ ಮುಂದೆ! ಇದೆಂಥ ಮೆರವಣಿಗೆ?" ಅಂದರು. ಯಾರ ಕಣ್ಣಿಗೂ ಬೀಳಬಾರದು ಅಂತ ನಡೆದವಳು ಊರಿನ ಉದ್ದಕ್ಕೂ ಬೆಳಕು ಬಿಡಿಸಿಕೊಂಡು ಹೋದೆ. ಸುಮ್ಮನೆ ಹತ್ತಿ ಕೂತಿದ್ದರೆ ಒಂದು ಗಳಿಗೆಯಲ್ಲಿ ಮುಗಿದುಹೋಗುತ್ತಿತ್ತು. ಮನೆಗೆ ಬಂದು ಸೆರಗು ಹಿಂಡುತ್ತಾ ಬಾಯಿಗೆ ಬಂದದ್ದನ್ನು ಅಂದೆ. "ಊರವರ ಮುಂದೆ ನನ್ನ ಮಾನ ಕಳೀಬೇಡಿ. ಸತ್ತರೂ ಆ ಕಾರಲ್ಲಿ ಕೂರಲ್ಲ ನಾನು!"

ಇವರು ಒಳಗಿಂದ ಟವೆಲು ತಂದು ಕೊಟ್ಟು, "ಆಯ್ತು ಬಿಡು, ತಲೆ ಒರೆಸ್ಕೊ," ಅಂದರು. ಆಮೇಲೆ ಒಂದು ದಿನವೂ ಕರೆಯಲಿಲ್ಲ.

ಕಾರು ಶುಂಠಿ ಶೆಡ್ಡು ಸೇರಿತು. ಒಂದು ಕಡೆ ಬಿತ್ತನೆ ಶುಂಠಿ, ಇನ್ನೊಂದು ಕಡೆ ಟ್ರ್ಯಾಕ್ಟರು, ಸ್ಪ್ರೇಯರು, ನಡುವೆ ಇಟಲಿ. ಮೊದಮೊದಲು ಭಾನುವಾರ ಬೆಳಗ್ಗೆ ಇವರೊಬ್ಬರೇ ಹೈವೇಯ ತನಕ ಹೋಗಿ ಬರುತ್ತಿದ್ದರು. ಬರಬರುತ್ತಾ ಅದೂ ನಿಂತು, ಶೆಡ್ಡಿನಲ್ಲೇ ಸ್ಟಾರ್ಟ್ ಮಾಡಿ, ಸ್ವಲ್ಪ ಹೊತ್ತು ಸ್ಟೀರಿಂಗ್ ಹಿಡಿದು ಕೂತು, ಆಫ್ ಮಾಡಿ ಇಳಿಯುತ್ತಿದ್ದರು. ಹಳೇ ಪಂಚೆ ಹರಿದು ಅದನ್ನು ಒರೆಸುತ್ತಿದ್ದರು. ಇಲಿ ವಯರು ಕಡಿಯಬಾರದು ಅಂತ ಬೆಕ್ಕು ಸಾಕಿದರು. ಆಯುಧಪೂಜೆಯ ದಿನ ಎಲ್ಲ ಗಾಡಿಗಳ ಜೊತೆ ಅದಕ್ಕೂ ಚೆಂಡುಹೂವಿನ ಹಾರ, ಚಕ್ರದಡಿಗೆ ನಿಂಬೆಹಣ್ಣು. ಟ್ರ್ಯಾಕ್ಟರು, ಪಿಕಪ್ಪು ನಿಂಬೆಹಣ್ಣು ಅಪ್ಪಚ್ಚಿ ಮಾಡಿ ಊರು ಸುತ್ತಲು ಹೊರಟರೆ ಇದು ಒಂದು ಮಾರು ಮುಂದಕ್ಕೆ ಬಂದು ಮತ್ತೆ ಹಿಂದಕ್ಕೆ ಹೋಗಿ ನಿಲ್ಲುತ್ತಿತ್ತು. ನೆಂಟರು ಬರುತ್ತಾರೆ ಅಂದರೆ ನಾನು ಮೊದಲು ಹೋಗಿ ಅದರ ಮೇಲೆ ಟಾರ್ಪಾಲು ಎಳೆಯುತ್ತಿದ್ದೆ. ಒಳಗೆ ಏನಿದೆ ಅಂತ ಯಾರಾದರೂ ಕೇಳಿದರೆ "ಯಾವುದೋ ಹಳೇ ಮಿಷನ್ನು" ಅನ್ನುತ್ತಿದ್ದೆ. ಇವರು ಪಕ್ಕದಲ್ಲೇ ಇರುವಾಗಲೂ ಅನ್ನುತ್ತಿದ್ದೆ.

ಹೋದ ವರ್ಷ ಇವರಿಗೆ ಸೊಂಟ ಹಿಡಿಯಿತು. ಆ ಕಾರಿನೊಳಗೆ ಕೂರುವುದು ಬಾವಿಗೆ ಇಳಿದ ಹಾಗೆ, ಹೊರಗೆ ಬರಲು ಯಾರಾದರೂ ಕೈಹಿಡಿದು ಎಳೆಯಬೇಕು. ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ, "ಮಾರ್ಬಿಡನ ಅಂತ," ಅಂದರು. ನನಗೆ ಮೊದಲು ಆದದ್ದು ಸಂತೋಷ. ಅದು ಮುಖದಲ್ಲಿ ಕಂಡಿರಬೇಕು, ಇವರು ತಲೆ ಬಗ್ಗಿಸಿ ಲೋಟ ನೋಡಿಕೊಂಡರು. ಆಗ ಶುರುವಾದ ನಾಚಿಕೆಯೇ ಬೇರೆ. ಅಲ್ಲಿಯ ತನಕ ಕಾರಿನ ಮೇಲಿದ್ದದ್ದು ನನ್ನ ಕಡೆಗೇ ತಿರುಗಿಕೊಂಡಿತು.

ಹಳೇ ಕಾರು ಮಾರಿಸಿಕೊಡುವ ಏಜೆಂಟು ಮೈಸೂರಿನಿಂದ ಬಂದು ಫೋಟೋ ತೆಗೆದ. ಮೀಟರು ನೋಡಿ ನಂಬಲೇ ಇಲ್ಲ. "ಇಷ್ಟು ಕಮ್ಮಿ ಓಡಿರೋದು, ಇಷ್ಟು ಚೆನ್ನಾಗಿ ಇಟ್ಟಿರೋದು ಎಲ್ಲೂ ಸಿಗಲ್ಲ ಸಾರ್. ಇದರ ಬೆಲೆಯೇ ಅದು," ಅಂದ. ಜಾಹೀರಾತಿನಲ್ಲೂ ಅದನ್ನೇ ಹಾಕಿದ, ಬಹಳ ಕಡಿಮೆ ಓಡಿದೆ, ಜೋಪಾನವಾಗಿ ಇಟ್ಟಿದೆ ಅಂತ. ಇವರು ಅದನ್ನು ಫೋನಿನಲ್ಲಿ ನೋಡಿಕೊಂಡು ನನಗೆ ಓದಿ ಹೇಳಿದರು, ಮಗುವಿನ ಮಾರ್ಕ್ಸ್ ಕಾರ್ಡು ಓದುವ ಹಾಗೆ. ಓಡದೇ ಇದ್ದದ್ದು ಯಾರ ದೆಸೆಯಿಂದ ಅಂತ ಜಾಹೀರಾತಿನಲ್ಲಿ ಹಾಕುವುದಿಲ್ಲವಲ್ಲ.

ಕಾರು ಹೋಗುವ ಮೊದಲು ಒಂದೇ ಒಂದು ಸಲ ಇವರ ಪಕ್ಕ ಕೂತುಬಿಡಬೇಕು ಅಂತ ತೀರ್ಮಾನ ಮಾಡಿದೆ. ಈ ಸೊಂಟದಲ್ಲಿ ಕಣ್ಣೂರಿಗೆ ಆಗದಿದ್ದರೆ ಹೈವೇಯ ತನಕವಾದರೂ ಸರಿ. ತೀರ್ಮಾನ ಮಾಡಿದ್ದೇನೋ ಹೌದು, ಬಾಯಿ ಬರಬೇಕಲ್ಲ. ಇವತ್ತು ಆಳುಗಳಿದ್ದಾರೆ, ನಾಳೆ ಶಾಲೆಯ ಮಕ್ಕಳು ದಾರಿಯಲ್ಲಿರುತ್ತವೆ, ನಾಡಿದ್ದು ಸಂತೆ. ಮಂಗಳೂರಿನವರು ಕಾರು ನೋಡಲು ಬರುತ್ತಾರೆ ಅಂದ ಭಾನುವಾರ ಬೆಳಗ್ಗೆ ಇನ್ನು ಬಿಟ್ಟರೆ ಇಲ್ಲ ಅಂತ ಒಳ್ಳೆಯ ಸೀರೆ ಉಟ್ಟು ಶೆಡ್ಡಿಗೆ ಹೋದೆ. ಇವರು ಕನ್ನಡಿ ಒರೆಸುತ್ತಿದ್ದರು. "ರೀ," ಅಂದೆ. ತಿರುಗಿ ನೋಡಿದರು. ಸೀರೆ ನೋಡಿದರು, ನನ್ನ ಮುಖ ನೋಡಿದರು, ಕೈಯಲ್ಲಿದ್ದ ಬಟ್ಟೆ ನಿಂತಿತು. ಅಷ್ಟರಲ್ಲಿ ಗೇಟು ಕಿರುಗುಟ್ಟಿ ಸ್ವಸಹಾಯ ಸಂಘದ ಹೆಂಗಸರು ಗುಂಪಾಗಿ ಒಳಗೆ ಬಂದರು, ನಮ್ಮನೆಯಲ್ಲೇ ಅವತ್ತಿನ ಮೀಟಿಂಗು. "ಅವ್ರಿಗೆ ಕಾಫಿ ಮಾಡ್ಲಾ ಪಾನಕ ಮಾಡ್ಲಾ ಅಂತ ಕೇಳಕ್ಕೆ ಬಂದೆ," ಅಂದುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

"ಕಾಫಿನೇ ಮಾಡು," ಅಂದು ಇವರು ಮತ್ತೆ ಒರೆಸತೊಡಗಿದರು.

ಮಂಗಳೂರಿನವರು ಗಂಡ ಹೆಂಡತಿ ಇಬ್ಬರೂ ಬಂದರು. ಆತ ಬಾನೆಟ್ ಎತ್ತಿ, ಬಗ್ಗಿ, ಕೆಳಗೆ ಮಲಗಿ ನೋಡುತ್ತಿದ್ದರೆ ಆಕೆ ಯಾರನ್ನೂ ಕೇಳದೆ ಪಕ್ಕದ ಬಾಗಿಲು ತೆರೆದು ಕೂತೇಬಿಟ್ಟರು. ನನ್ನದೇ ವಯಸ್ಸು, ತಲೆ ನನಗಿಂತ ಹೆಚ್ಚು ನೆರೆತಿತ್ತು. "ಇದರೊಳಗೆ ಶುಂಠಿ ಪರಿಮಳ ಉಂಟು ಮಾರಾಯ್ರೆ!" ಅಂತ ನಕ್ಕರು. ಆಮೇಲೆ ಸೀಟಿನ ಮೇಲೆ ಕೈಯಾಡಿಸಿ, "ಇದು ಹೊಸತು ಹಾಕಿಸಿದ್ದಾ? ಡ್ರೈವರ್ ಸೀಟು ಸ್ವಲ್ಪ ಸವೆದಿದೆ, ಇದರಲ್ಲಿ ಒಂದು ಗೆರೆ ಇಲ್ಲ," ಅಂದರು. ಆಕೆಯ ಗಂಡ ತಲೆ ಎತ್ತಿ ನೋಡಿದರು. ಸೀಟು ಬದಲಾಗಿದ್ದರೆ ಗಾಡಿಗೆ ಎಲ್ಲೋ ಪೆಟ್ಟು ಬಿದ್ದಿರಬೇಕು ಅನ್ನುವ ಅನುಮಾನ ಅವರಿಗೆ. ಆಕೆ ನನ್ನ ಕಡೆ ತಿರುಗಿ ತಮಾಷೆಗೆ, "ಎಂತ, ನೀವು ಇದರಲ್ಲಿ ಕೂರಲೇ ಇಲ್ವಾ?" ಅಂದರು.

ಶೆಡ್ಡಿನ ಬಾಗಿಲಲ್ಲಿ ಸಂಘದ ಹೆಂಗಸರು, ಹಲಗೆಯ ಆಳುಗಳು ಎಲ್ಲ ನಿಂತಿದ್ದರು. ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಅಲ್ಲಿ ಆ ಮಂಗಳೂರಿನವರು ಇಬ್ಬರೇ.

"ಕೂರ್ದೆ ಏನ್ ಮೇಡಂ," ಅಂದರು ಇವರು. "ಅದು ಇವಳ್ದೇ ಸೀಟು. ಮಾಕುಟ್ಟದ ಘಾಟಿ ಇಳ್ದು ಕಣ್ಣೂರಿಗೆ ಹೋಗಿದ್ವಿ. ಚೆಕ್‌ಪೋಸ್ಟಲ್ಲಿ ಡ್ಯೂಟಿಯವ್ರು ಕಾರ್ ಜೊತೆ ಫೋಟೋ ತೆಗೆಸ್ಕಂಡ್ರು. ಆ ತಿರುವಲ್ಲಿ ಇವಳಿಗೆ ತಲೆ ಸುತ್ತಿ, ಕಿತ್ತಳೆ ಸಿಪ್ಪೆ ಮೂಸ್ತಾ ಕೂತಿದ್ಲು. ಕಾಡು ಮುಗಿಯೋಗಂಟ ಒಂದ್ ಮಾತಾಡ್ಲಿಲ್ಲ. ಆಮೇಲೆ ಇರಿಟ್ಟೀಲಿ ಟೀ ಕುಡ್ದು ಸರಿಯಾದ್ಲು. ಇವಳಿಗೆ ವಸ್ತು ಜೋಪಾನ ಮಾಡೋದು ಗೊತ್ತು, ಸೀಟಿನ ಮೇಲೆ ಟವೆಲು ಹಾಕ್ಕಂಡೇ ಕೂರೋದು."

ಸಂಘದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಹೌದಾ! ಕಣ್ಣೂರಿನ ಸಮುದ್ರ ಹೇಗುಂಟು? ನಮ್ಮ ಮಂಗಳೂರಿನದ್ದಕ್ಕಿಂತ ಚಂದವಾ?" ಅಂತ ಆಕೆ ನನ್ನನ್ನೇ ಕೇಳಿದರು.

ಇಷ್ಟು ವರ್ಷ ಮಕ್ಕಳಿಗೆ ವರ್ಣಿಸಿ ಬರೆಯುವುದನ್ನು ಕಲಿಸಿದವಳು ನಾನು. "ದೊಡ್ಡದಾಗಿತ್ತು," ಅಂದೆ.

ಆಕೆಗೆ ನಗು ಬಂತು. ಇವರೇ ಮತ್ತೆ ಕೈಹಿಡಿದರು. "ಇವಳು ಎಲ್ಲಿ ನೋಡಿದ್ಲು ಮೇಡಂ ಸರಿಯಾಗಿ? ಸೀರೆ ನೆಂದ್ರೆ ಜನ ನೋಡ್ತಾರೆ ಅಂತ ದೂರ ಮರಳಲ್ಲೇ ನಿಂತಿದ್ಲು. ಎಷ್ಟು ಕರೆದ್ರೂ ಬರ್ಲಿಲ್ಲ. ನಾನೊಬ್ನೇ ನೀರಿಗಿಳ್ದೆ."

ಇಷ್ಟೊಂದು ವಿವರ ಯಾರಿಗೂ ನಿಂತ ನಿಲುವಿನಲ್ಲಿ ಹುಟ್ಟುವುದಿಲ್ಲ. ಆ ಶೆಡ್ಡಿನೊಳಗೆ ಸ್ಟೀರಿಂಗ್ ಹಿಡಿದು ಕೂತು ಇವರು ನನ್ನನ್ನು ಎಷ್ಟು ಸಲ ಕಣ್ಣೂರಿಗೆ ಕರೆದುಕೊಂಡು ಹೋಗಿದ್ದರೋ. ಅಲ್ಲೂ ನಾನು ಜನ ನೋಡುತ್ತಾರೆ ಅಂತ ದೂರವೇ ನಿಂತಿದ್ದೆ.

ವ್ಯಾಪಾರದ ಮಾತು ಮುಗಿಯಿತು. ಮುಂದಿನ ವಾರ ಕಾಗದಪತ್ರವೆಲ್ಲ ಆಗಿ ಅವರಿಬ್ಬರೇ ಬಂದು ಕಾರು ತೆಗೆದುಕೊಂಡು ಹೋದರು. ಆಳುಗಳು ಹಲಗೆ ಹಿಡಿದು ಮುಂದೆ ಹೋದರು. ಆಕೆ ಕಿಟಕಿ ಇಳಿಸಿ ದಾರಿಯಲ್ಲಿ ನಿಂತವರಿಗೆಲ್ಲ ಕೈಬೀಸಿದರು. ಶಾಲೆಯ ಹಂಪಿನ ಹತ್ತಿರ ಮಕ್ಕಳೂ ಬೇಕರಿ ಕಾಕನೂ ಅವರಿಗೆ ಕೈಬೀಸಿದರಂತೆ. ಅವರನ್ನು ನೋಡಿ ನಕ್ಕವರು ಯಾರೂ ಇಲ್ಲ.

ನಾನು ಶೆಡ್ಡಿಗೆ ಹೋದೆ. ಇವರು ಸೊಂಟದ ಮೇಲೊಂದು ಕೈಯಿಟ್ಟುಕೊಂಡು ಆ ಖಾಲಿ ಜಾಗವನ್ನು ಗುಡಿಸುತ್ತಿದ್ದರು. ಪೊರಕೆ ಕಿತ್ತುಕೊಂಡೆ.

"ರೀ, ಕಣ್ಣೂರಿಗೆ ಹೋಗೋಣ. ಪಿಕಪ್ಪಲ್ಲೇ ಹೋಗೋಣ, ಬೇಕಾದರೆ ಡ್ರೈವರನ್ನ ಕರ್ಕೊಳ್ಳೋಣ. ನಾಳೆಯೇ ಹೋಗೋಣ. ನಾನು ರಜೆ ಹಾಕ್ತೀನಿ," ಅಂದೆ.

ಇವರಿಗೆ ಸಿಟ್ಟೇನೂ ಇರಲಿಲ್ಲ. ನನ್ನನ್ನು ನೋಡಿ ಸ್ವಲ್ಪ ನಕ್ಕರು ಕೂಡ.

"ಇನ್ನೊಂದ್ಸಲ ಯಾಕೆ? ಹೋಗ್ಬಂದಾಯ್ತಲ್ಲ," ಅಂದರು. ಆಮೇಲೆ ಬಿತ್ತನೆ ಶುಂಠಿಯನ್ನು ಈ ಕಡೆ ಸರಿಸಬೇಕು, ಆಳುಗಳು ಹಲಗೆ ತಂದಿಟ್ಟ ಮೇಲೆ ಅವರನ್ನು ಇಲ್ಲಿಗೆ ಕಳಿಸು ಅಂದರು.